ಚಿತ್ರಕ್ಕ ಕುಂದ್ರೋ ಶೇಖರಮ್ಮ

ಮಸ್ಕಿ ಊರ ಹೊರಗಿನ ಕಲಾಕೇಂದ್ರಕ್ಕ ಚಿತ್ರ ತಗಿಯೋರು, ಕತಿ ಬರಿಯೋರು ತಿಂಗಳುಗಟ್ಟಲೆ ಇರಾಕ ಬರತಾರ. ಚಿತ್ರಗಾರರ ಮುಂದ ಕುಂದ್ರೋದು ಶೇಖರಮ್ಮನ ಕೆಲಸ. ಕುಂತಳಂದ್ರ ಮುಗೀತು, ಮೂಗಿನ ಮ್ಯಾಲೆ ನೊಣ ಕುಂತು ಮುಖ ತೊಳಕೊಂಡು ಹೋದರೂ ಅಲ್ಲಾಡಾಕಿ ಅಲ್ಲ. ಆದರ ದವಡ್ಯಾಗ ಎಲಿ-ಅಡಿಕಿ ಬೇಕೇ ಬೇಕು, ಹಿಂಗಾಗಿ ಕೇಂದ್ರದ ಗ್ವಾಡಿ ಮ್ಯಾಲಿನ ಶೇಖರಮ್ಮಗಳಿಗೆಲ್ಲ ಒಂದು ಗಲ್ಲ ಉಬ್ಬೇತಿ. ಕತಿ ಬರಿಯೋರನ್ನ ಕಂಡರ ಆಕಿಗೆ ಸಿಟ್ಟು. "ಕುಂದ್ರೋ ಕೆಲಸ ನಂದು, ನೀವ್ಯಾಕ ದಿನಾ ಸುಮ್ಮನ ಕುಂದ್ರತೀರಿ?" ಅಂತಾಳ. ಚಿತ್ರಗಾರರ ಕೂಡ ಒಂದು ಕರಾರು: "ನಂದು ಮುಗದ ಮ್ಯಾಲೆ ನಮ್ಮ ಮನಿಯವರದೊಂದು ತಗೀಬೇಕು. ಅವರದು ಒಂದು ಫೋಟೋ ಸೈತ ಇಲ್ಲ. ನಾ ಹೇಳತೀನಿ, ನೀ ತಗಿ." ಹುಬ್ಬು ಹೇಳತಾಳ, ಗದ್ದದ ಕುಳಿ ಹೇಳತಾಳ. ಚಿತ್ರಗಾರರೋ ಆಕಿ ಬಿಳೇ ಕೂದಲ ನೋಡಿ, ಜೋಡಿ ಸರಿಹೋಗಲೆಂತ ಬಿಳೇ ಮೀಸಿ ಮುದುಕನ್ನ ತಗೀತಾರ. "ಯಾವನಲೇ ಈ ಮುದುಕ? ಈ ವಯಸ್ಸಿನಾಗ ನನಗ ಇನ್ನೊಂದು ಲಗ್ನ ಮಾಡಾಕತ್ತೀ ಏನು?" ಅಂತ ನಗತಾಳ. ಈ ಮುದುಕ ಯಾಕ ಅವರಲ್ಲ ಅಂತ ಯಾರೂ ಕೇಳಿದ್ದಿಲ್ಲ. ಈ ಸಲ ಬಂದ ಚಿತ್ರಗಾರ್ತಿ ಅಶ್ವಿನಿ ಕೇಳಿದಳು: "ಅಮ್ಮಾ, ಅವರು ಹೋದಾಗ ವಯಸ್ಸೆಷ್ಟಿತ್ರೀ?" "ಇಪ್ಪತ್ತಾರು," ಅಂದಳು ಶೇಖರಮ್ಮ. ಆ ಹರೇದವನ ಚಿತ್ರ ಮುಗದು ಎದುರಿಗಿಟ್ಟಾಗ ಶೇಖರಮ್ಮ ಸೆರಗು ತಲಿ ಮ್ಯಾಲೆ ಎಳಕೊಂಡಳು. "ಬಾಜೂಕ ನಿಮ್ಮನ್ನೂ ಹರೇದಾಕಿ ಮಾಡಿ ತಗೀಲೇನ್ರಿ?" ಅಂದಳು ಅಶ್ವಿನಿ. "ಬ್ಯಾಡವ್ವಾ, ಈಗ ಹೆಂಗದೀನಿ ಹಂಗ ತಗಿ. ಅವರಿಲ್ಲದ ನಾ ಎಷ್ಟು ಬಾಳೇವು ಮಾಡೀನಿ, ಅವರೂ ನೋಡಲಿ."