ನನ್ನನ್ನೂ ಕೇಳಿದ ಮಿಸ್ತ್ರಿ

ಅವರ ಎಡಗಿವಿ ಸದಾ ಕಪ್ಪಗಿರುತ್ತಿತ್ತು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಇಂಜಿನ್ನಿಗೆ ತಾಗಿಸಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು, ಒಳಗಿನ ಸದ್ದು ಆಲಿಸುತ್ತ ಕಣ್ಣು ಮುಚ್ಚಿ ಕೂರುವುದು ಅವರ ರೂಢಿ. ಕೈಯ ಗ್ರೀಸು ಹಿಡಿಗೆ, ಹಿಡಿಯದ್ದು ಕಿವಿಗೆ. ಶುಕ್ರವಾರ ಸೋಪು ಹಚ್ಚಿ ಎಷ್ಟು ತಿಕ್ಕಿದರೂ ಅದು ಹೋಗುತ್ತಿರಲಿಲ್ಲ.

ಅಫಜಲಪುರದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವರ ಗ್ಯಾರೇಜು. ಊರಿಗೆಲ್ಲ ಅವರು ಮಿಸ್ತ್ರಿ, ನನಗೆ ಚಾಚಾ. ಗ್ಯಾರೇಜಿನ ಹಿಂದೆಯೇ ಒಂದು ಕೋಣೆ. ಅಲ್ಲಿ ಲಕವಾ ಹೊಡೆದು ಮಲಗಿದ ಅವರ ಹೆಂಡತಿ. ಏನಾದರೂ ಬೇಕಾದರೆ ಆಕೆ ಆಡುವ ಕೈಯಿಂದ ಸ್ಟೀಲ್ ಲೋಟಕ್ಕೆ ಚಮಚ ಬಡಿಯುತ್ತಿದ್ದರು. ಆ ಸಪ್ಪಳ ಕೇಳಿಸುವಷ್ಟು ದೂರವೇ ಚಾಚಾನ ಲೋಕ. ರಿಪೇರಿ ಮಾಡಿದ ಗಾಡಿಯನ್ನು ಓಡಿಸಿ ನೋಡಲು ಹೋದರೂ ಓಣಿಯ ಮೂಲೆಯ ಹಿಟ್ಟಿನ ಗಿರಣಿಯಿಂದಲೇ ಹಿಂತಿರುಗುತ್ತಿದ್ದರು. ಆದ್ದರಿಂದ ಹತ್ತು ಹದಿನೈದು ಮೈಲಿ ಹೋದ ಮೇಲೆ ಕಾಣಿಸಿಕೊಳ್ಳುವ ದೋಷವನ್ನು ಅವರು ಕಣ್ಣಾರೆ ಕಂಡವರಲ್ಲ. ಗಾಡಿಯವರನ್ನು ಕೇಳಿ ಕೇಳಿಯೇ ತಿಳಿದುಕೊಳ್ಳುತ್ತಿದ್ದರು.

ನಾನು ಅವರನ್ನು ಕಂಡದ್ದು ಮದುವೆಯಾಗಿ ಎರಡು ವರ್ಷಕ್ಕೆ. ನನ್ನ ಗಂಡನ ಹತ್ತಿರ ಒಂದು ಹಳೆಯ ಬೈಕಿತ್ತು. ಕಾರ್ಬುರೇಟರ್ ಗಾಡಿಗಳೇ ತುಂಬಿದ್ದ ಕಾಲದಲ್ಲಿ ಬಂದ ಫ್ಯುಯೆಲ್ ಇಂಜೆಕ್ಷನ್ ಗಾಡಿ ಅದು. ಗಂಡ ಒಬ್ಬರೇ ಹೋದರೆ ಆಳಂದದವರೆಗೂ ಒಂದೇ ಉಸಿರಿನಲ್ಲಿ ಓಡುತ್ತಿತ್ತು. ಗೆಳೆಯರನ್ನು ಕೂರಿಸಿಕೊಂಡರೂ ಓಡುತ್ತಿತ್ತು. ನಾನು ಹಿಂದೆ ಕೂತ ದಿನ ಮಾತ್ರ ಎಲ್ಲೋ ಒಂದು ಕಡೆ ಕೆಮ್ಮಿದಂತೆ ಮಾಡಿ, ಎಕ್ಸಿಲೇಟರ್ ಎಷ್ಟು ತಿರುವಿದರೂ ಜೋರು ಬರದೆ, ಕೊನೆಗೆ ನಿಂತೇಬಿಡುತ್ತಿತ್ತು. ನಾನು ಇಳಿದು ಪಕ್ಕಕ್ಕೆ ಸರಿದರೆ ಒಂದೇ ಒತ್ತಿಗೆ ಚಾಲೂ ಆಗುತ್ತಿತ್ತು. ಮೂರು ಮಂದಿ ಮೆಕ್ಯಾನಿಕರು ನೋಡಿದರು. ದೋಷವಿದ್ದರೆ ಮೀಟರಿನಲ್ಲಿ ಹಳದಿ ದೀಪ ಹತ್ತಬೇಕು, ಅದು ಹತ್ತುತ್ತಿಲ್ಲ, ಅಂದಮೇಲೆ ಗಾಡಿ ಸರಿಯಿದೆ ಎಂದು ಕೈತೊಳೆದುಕೊಂಡರು.

ಗಾಡಿ ಸರಿಯಿದ್ದರೆ ತಪ್ಪು ಯಾರದು? ಅತ್ತೆ ಅದನ್ನು ಜಗಳವಾಡಿ ಹೇಳಲಿಲ್ಲ. ರೊಟ್ಟಿ ಬಡಿಯುತ್ತ, ನೆರೆಯವರೊಂದಿಗೆ ಸಹಜವಾಗಿ ಮಾತಾಡುತ್ತ, ನಮ್ಮ ಸೊಸೆಯ ಕಾಲ್ಗುಣ ಗಾಡಿಗೂ ಆಗಿಬರುವುದಿಲ್ಲ ಎಂದರು. ಮೊದಲು ಮದುವೆ ಮುಂಜಿವೆಗೆ ನನ್ನನ್ನು ಬಿಟ್ಟು ಹೋಗತೊಡಗಿದರು. ಆಮೇಲೆ ಸಂತೆಗೂ ಬೇಡವೆಂದರು. ಹತ್ತಿರದ ಹಳ್ಳಿಯ ಶಾಲೆಯಲ್ಲಿ ನನಗೆ ಅತಿಥಿ ಶಿಕ್ಷಕಿಯ ಕೆಲಸ ಸಿಕ್ಕಿತ್ತು. ಹೊಸ ಕೆಲಸಕ್ಕೆ ಇಂಥ ಶಕುನ ಹೊತ್ತು ಹೋಗುವುದು ಬೇಡ, ಮುಂದಿನ ವರ್ಷ ನೋಡೋಣ ಎಂದರು. ಗಂಡ ಬೈಕಿನ ಕೀಲಿ ತೆಗೆದುಕೊಂಡು ಹೊರಗೆ ನಡೆದರು. ಅಡುಗೆಮನೆ, ಹಿತ್ತಲು, ಮಾಳಿಗೆ, ಮತ್ತೆ ಅಡುಗೆಮನೆ. ಆ ವರ್ಷ ನಾನು ನಡೆದದ್ದು ಅಷ್ಟೇ.

ಆ ವರ್ಷವೇ ನನ್ನ ತವರು ಜೇವರ್ಗಿಯಲ್ಲಿ ಅಪ್ಪನಿಗೆ ಜಡ್ಡು ಜೋರಾಯಿತು. ಬಸ್ಸು ಹೋಗಿಬಿಟ್ಟಿತ್ತು. ಬೈಕಿನಲ್ಲಿ ಹೊರಟೆವು. ದಾರಿಯಲ್ಲಿ ಗಾಡಿ ನಾಲ್ಕು ಸಲ ನಿಂತಿತು. ನಾಲ್ಕನೆಯ ಸಲ ನಾನು ಇಳಿದು, ನೀವು ಮುಂದೆ ಹೋಗಿರಿ, ನಾನು ನಡೆದು ಬರುತ್ತೇನೆ ಎಂದೆ. ಅವರು ಕೇಳಲಿಲ್ಲ. ನಾವು ಮನೆ ಮುಟ್ಟಿದಾಗ ಅಪ್ಪನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಕೊರಳಿಗೆ ಹಾರ ಬಿದ್ದಿತ್ತು. ಅತ್ತೆಯ ಮಾತನ್ನು ಅಂದು ನಾನೂ ನಂಬಿದೆ. ಆಮೇಲೆ ಯಾರೂ ಬೇಡ ಎನ್ನುವ ಅಗತ್ಯವೇ ಉಳಿಯಲಿಲ್ಲ, ನಾನೇ ಹೊಸ್ತಿಲು ದಾಟುವುದನ್ನು ಬಿಟ್ಟೆ.

ಕೆಲವು ತಿಂಗಳ ಮೇಲೆ ನನಗೆ ಹಲ್ಲುನೋವು ತಡೆಯದಾಯಿತು. ದವಾಖಾನೆಗೆ ಹೊರಟಾಗ ಬೈಕು ಬಸ್‌ಸ್ಟ್ಯಾಂಡಿನ ಹತ್ತಿರವೇ ಸೊರಗಿತು. ಗಂಡ ಅದನ್ನು ಹತ್ತಿರದ ಗ್ಯಾರೇಜಿಗೆ ನೂಕಿಕೊಂಡು ಹೋದರು. ಚಾಚಾ ಗಂಡನ ಮಾತನ್ನೆಲ್ಲ ಕೇಳಿದರು. ಆಮೇಲೆ, ಸೆರಗಿನಿಂದ ಕೆನ್ನೆ ಮುಚ್ಚಿಕೊಂಡು ದೂರ ನಿಂತಿದ್ದ ನನ್ನ ಕಡೆ ತಿರುಗಿದರು.

"ಹಿಂದ ಕುಂತಾಕಿ ನೀನು. ನಿನಗೇನು ಗೊತ್ತಾಗ್ತದ, ಹೇಳು ಬೇಟಿ."

ಎರಡು ವರ್ಷದಲ್ಲಿ ಆ ಗಾಡಿಯ ವಿಷಯ ನನ್ನನ್ನು ಕೇಳಿದವರು ಅವರೊಬ್ಬರೇ. ಕೆನ್ನೆ ಬಾತಿದ್ದರೂ ಹೇಳಿದೆ, ಅತ್ತೆ ಆಡುವ ಕಾಲ್ಗುಣದ ಮಾತನ್ನೂ ಸೇರಿಸಿ. ನಿಂತ ಒಂದೊಂದು ಜಾಗವೂ ನನಗೆ ನೆನಪಿತ್ತು: ಗಾಣಗಾಪುರದ ತಿರುವು, ಭೀಮಾ ಸೇತುವೆ, ಜೇವರ್ಗಿ ದಾರಿಯ ನಾಲ್ಕು ಕಡೆ. ಅವರು ನಡುವೆ ಬಾಯಿ ಹಾಕದೆ ಕೇಳಿಸಿಕೊಂಡರು. ಪೆಟ್ರೋಲ್ ಎಷ್ಟಿತ್ತು, ಬಿಸಿಲಿತ್ತೋ, ರಸ್ತೆ ಕೆಟ್ಟಿತ್ತೋ ಎಂದು ವಿಚಾರಿಸಿದರು. ಇಂಜೆಕ್ಷನ್ ಗಾಡಿಯಲ್ಲಿ ಪೆಟ್ರೋಲನ್ನು ಇಂಜಿನ್ನಿಗೆ ತಳ್ಳಲು ಟ್ಯಾಂಕಿನೊಳಗೊಂದು ಸಣ್ಣ ಪಂಪು ಇರುತ್ತದೆ, ಅದು ಬಿಸಿಯಾಗಿ ಸೋಲುತ್ತಿರಬೇಕು ಎಂದು ಊಹಿಸಿ ಪಂಪು ಬಿಚ್ಚಿ ಪೆಟ್ರೋಲ್ ಸೋಸುವ ಜಾಳಿಗೆ ಬದಲಿಸಿ ಕೊಟ್ಟರು.

ವಾರದೊಳಗೆ ಗಾಡಿ ಮತ್ತೆ ನಿಂತಿತು. ಅತ್ತೆ ನನ್ನನ್ನು ಒಮ್ಮೆ ನೋಡಿದರು ಅಷ್ಟೇ. ಗಂಡ ಸಿಟ್ಟಿನಿಂದ ಗ್ಯಾರೇಜಿಗೆ ಹೋದರೆ ಚಾಚಾ ವಾದಿಸಲಿಲ್ಲವಂತೆ. "ನಂದ ತಪ್ಪಾತು. ಗಾಡಿ ಒಂದೇ ಇಟಗೊಂಡು ಹುಡುಕಿದೆ. ಬೇಟಿನ್ನೂ ಕರ್ಕೊಂಡು ಬರ್ರಿ" ಎಂದು ಹೇಳಿ ಕಳಿಸಿದರು.

ಹೋದೆ. ದಿನಾ ಹೇಗೆ ಕೂರುತ್ತೀಯೋ ಹಾಗೆಯೇ ಕೂರು ಎಂದರು. ಗಾಡಿ ಸ್ಟ್ಯಾಂಡಿನ ಮೇಲಿತ್ತು, ಇಂಜಿನ್ನು ಓಡುತ್ತಿತ್ತು. ಸೀರೆ ಉಟ್ಟವಳು, ಎರಡೂ ಕಾಲು ಎಡಕ್ಕೆ ಇಳಿಬಿಟ್ಟು ಕುಳಿತೆ. ತಗ್ಗಿನಲ್ಲಿ ಗಾಡಿ ಇಳಿದಂತೆ ಮೈ ಕುಲುಕಲು ಹೇಳಿದರು. ಒಂದು, ಎರಡು, ಮೂರನೆಯ ಸಲಕ್ಕೆ ಇಂಜಿನ್ನು ಕೆಮ್ಮಿ ನಿಂತಿತು. ನನ್ನ ಕಣ್ಣಲ್ಲಿ ನೀರು ಬಂತು. ಊರ ನಡುವೆ, ಎಲ್ಲರೆದುರು, ಅತ್ತೆಯ ಮಾತು ನಿಜವಾಯಿತು ಎನಿಸಿತು. ಚಾಚಾನ ಮುಖ ಮಾತ್ರ ಅರಳಿತ್ತು.

ಸೀಟು ಬಿಚ್ಚಿದರು. ಅದರ ಕೆಳಗೆ ಎಡಬದಿಯಲ್ಲಿ ಇರಬೇಕಾದ ರಬ್ಬರಿನ ಗುಂಡಿ ಎಂದೋ ಬಿದ್ದುಹೋಗಿತ್ತು. ಗಂಡಸರು ಎರಡೂ ಕಡೆ ಕಾಲು ಹಾಕಿ ನಡುವೆ ಕೂರುತ್ತಾರೆ, ಭಾರ ಸಮನಾಗಿ ಬೀಳುತ್ತದೆ. ಒಂದೇ ಕಡೆ ಕೂತರೆ ಸೀಟಿನ ಎಡ ಅಂಚು ಕೆಳಗಿಳಿದು ಪಂಪಿಗೆ ಹೋಗುವ ವೈರನ್ನು ಅದುಮುತ್ತಿತ್ತು. ಉಜ್ಜಿ ಉಜ್ಜಿ ಅದರ ಮೇಲಿನ ಪ್ಲಾಸ್ಟಿಕ್ ಹರಿದು, ಒಳಗೆ ಎರಡೇ ಎಳೆ ಉಳಿದಿದ್ದವು. ಅದುಮಿದಾಗ ಅವು ಅಗಲಿ ಪಂಪು ನಿಲ್ಲುತ್ತಿತ್ತು, ಭಾರ ಇಳಿದಾಗ ಮತ್ತೆ ಕೂಡುತ್ತಿದ್ದವು. ಆ ವೈರಿನ ದೋಷ ಹಳದಿ ದೀಪಕ್ಕೆ ತಿಳಿಯುತ್ತಿರಲಿಲ್ಲ. ಆ ವೈರನ್ನು ಅವರು ಮೊದಲು ನನಗೆ ತೋರಿಸಿದರು, ಗಂಡನಿಗಲ್ಲ. ನಾನು ಅದನ್ನು ಬೆರಳಿನಿಂದ ಮುಟ್ಟಿ ನೋಡಿದೆ. ಎಳೆಗಳು ಕೂದಲಿನಷ್ಟು ತೆಳ್ಳಗಿದ್ದವು.

ಗಂಡ ಬೇಗ ರಿಪೇರಿ ಮಾಡಿ ಎಂದರು. ಚಾಚಾ ಒಪ್ಪಲಿಲ್ಲ. ಸೀಟನ್ನು ಮತ್ತೆ ಹಾಕಿ, "ಮೊದಲ ಅವ್ವಾರನ್ನ ಕರ್ಕೊಂಡು ಬರ್ರಿ. ಈಗ ಮಾಡಿದ್ರ ಬರೀ ಗಾಡಿ ಸುಧಾರಸ್ತದ" ಎಂದರು.

ಅತ್ತೆ ಎಂದೂ ಬೈಕು ಹತ್ತಿದವರಲ್ಲ. ಅಂದು ಬಂದರು, ಸುತ್ತ ನಾಲ್ಕು ಜನ ನೋಡುತ್ತಿದ್ದುದರಿಂದ ಒಲ್ಲೆ ಎನ್ನಲೂ ಆಗಲಿಲ್ಲ. ಸ್ಟೂಲು ಇಟ್ಟು ಹತ್ತಿಸಿದೆವು. ನನ್ನಂತೆಯೇ ಒಂದು ಕಡೆ ಕಾಲು ಬಿಟ್ಟು ಕೂತರು. ಚಾಚಾ ಹಿಂದಿನಿಂದ ಗಾಡಿಯನ್ನು ಸ್ವಲ್ಪ ಅದುರಿಸಿದರು. ಇಂಜಿನ್ನು ನಿಂತಿತು. ಯಾರೂ ನಗಲಿಲ್ಲ, ಚಾಚಾ ಕೂಡ. ಅತ್ತೆ ಇಳಿದು ಸೆರಗು ಸರಿಮಾಡಿಕೊಂಡು, "ಗಾಡಿ ಹಳೇದಾಗ್ಯದ" ಎಂದಷ್ಟೇ ಹೇಳಿ ಮನೆಗೆ ನಡೆದರು.

ಅಷ್ಟರಿಂದ ಎಲ್ಲವೂ ಸರಿಯಾಯಿತು ಎಂದಲ್ಲ. ಅತ್ತೆ ತಪ್ಪೊಪ್ಪಿಕೊಳ್ಳಲಿಲ್ಲ. ಜೀವವಿದ್ದಾಗಿನ ಅಪ್ಪನ ಕೊನೆಯ ಮುಖ ನನಗೆ ಮರಳಿ ಸಿಗಲಿಲ್ಲ. ಆದರೆ ಶಾಲೆ ಶುರುವಾದಾಗ ನಾನು ಹೊರಟು ನಿಂತೆ, ಯಾರೂ ಬಾಗಿಲಿಗೆ ಅಡ್ಡ ಬರಲಿಲ್ಲ. ಎರಡು ವರ್ಷದ ಮೇಲೆ ಸ್ಕೂಟಿ ಕಲಿತೆ. ಸಂಜೆ ಶಾಲೆಯಿಂದ ಬರುವಾಗ ಚಾಚಾನ ಹತ್ತಿರ ಒಂದು ಗಳಿಗೆ ನಿಲ್ಲುತ್ತಿದ್ದೆ. ಹಳ್ಳಿಯ ದಾರಿ ಹೇಗಿದೆ, ತೊಗರಿ ಹೂ ಬಿಟ್ಟಿದೆಯೇ ಎಂದು ಕೇಳುತ್ತಿದ್ದರು. ಹೀಗೆ ಒಂದೇ ಕಡೆ ಇದ್ದು ಬೇಸರವಾಗುವುದಿಲ್ಲವೇ ಎಂದು ಒಮ್ಮೆ ಕೇಳಿದೆ. "ಆಗ್ತದ ಬೇಟಿ. ಆಗಂಗಿಲ್ಲ ಅಂದ್ರ ಸುಳ್ಳ ಹೇಳಿದಂಗ" ಎಂದರು. ಅಷ್ಟರಲ್ಲಿ ಒಳಗೆ ಲೋಟದ ಸದ್ದಾಯಿತು, ಎದ್ದು ಹೋದರು.

ಹೆಂಡತಿ ತೀರಿಕೊಂಡ ಮೇಲೂ ಅವರು ಗಿರಣಿ ದಾಟಿದ್ದನ್ನು ನಾನು ಕಾಣಲಿಲ್ಲ. ದಾಟಲು ಹೋದರೆ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಗುತ್ತದೆ ಎನ್ನುತ್ತಿದ್ದರು. ಮರುವರ್ಷ, ಒಂದು ಮುಂಜಾನೆ, ಗ್ಯಾರೇಜು ತೆರೆಯುವ ಮುನ್ನವೇ ಅವರೂ ಹೋದರು.

ಸುದ್ದಿ ತಿಳಿದು ಸ್ಕೂಟಿ ತೆಗೆಯುತ್ತಿದ್ದೆ. ಅತ್ತೆ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದು, ನನ್ನ ಹಿಂದೆ ಕೂತರು, ನನ್ನ ಹೆಗಲು ಹಿಡಿದುಕೊಂಡರು. ಓಣಿಯ ತುಂಬ ಜನ. ಹೆಂಗಸರ ನಡುವೆ ಒಬ್ಬಾಕೆ, ಬೇರೆ ಊರಿನಿಂದ ಬಂದ ಚಾಚಾನ ತಂಗಿ, ನೀವು ಯಾರ ಪೈಕಿ ಎಂದು ಕೇಳಿದರು. ಅತ್ತೆ ನನ್ನ ಬೆನ್ನ ಮೇಲೆ ಕೈಯಿಟ್ಟರು.

"ಇಕಿ ನಮ್ಮ ಸೊಸಿ. ಸಾಲ್ಯಾಗ ಟೀಚರ್ ಅದಾಳ. ಇಕಿನ್ನ ಮನಿಯಿಂದ ಹೊರಗ ತಂದಾಂವ ನಿಮ್ಮ ಅಣ್ಣ."

ಅಷ್ಟು ಹೇಳಲು ಅತ್ತೆಗೆ ಐದು ವರ್ಷ ಬೇಕಾಯಿತು. ಅದನ್ನು ಕೇಳಬೇಕಾದವರು ಒಳಗೆ ಬಿಳಿ ಬಟ್ಟೆ ಹೊದ್ದು ಮಲಗಿದ್ದರು.