ಹಳಬರ ಕಲ್ಲು

ಗೋಕಾಕದ ಕೋರ್ಟಿನ ಹಿಂದಿನ ಓಣಿಯಲ್ಲಿ ಜಮೀರನ ಕಲ್ಲಿನ ಅಂಗಡಿ. ಕಟ್ಟಡದ ಅಡಿಗಲ್ಲಾಗಲಿ, ಗೋರಿಯ ಕಲ್ಲಾಗಲಿ, ಬಾಗಿಲ ಮೇಲೆ ಕೂರಿಸುವ ಮನೆತನದ ಹೆಸರಾಗಲಿ, ಅಕ್ಷರ ಕೊರೆಯುವವನು ಅವನೇ. ತಂದೆ ಸುಭಾನಸಾಬ ಕಲಿಸಿಕೊಟ್ಟ ಕಸುಬು. ಕನ್ನಡ, ಮರಾಠಿ, ಉರ್ದು ಮೂರೂ ಲಿಪಿ ಅವನ ಉಳಿಗೆ ಒಲಿದಿದ್ದವು. ಆದರೆ ವಯಸ್ಸು ಇಪ್ಪತ್ನಾಲ್ಕಾದರೂ ತನ್ನದು ಎನ್ನುವ ಒಂದು ಮಾತನ್ನೂ ಅವನು ಕಲ್ಲಿನ ಮೇಲೆ ಹಾಕಿರಲಿಲ್ಲ.

೧೯೯೭ರಲ್ಲಿ ಅವನ ಶಾಲೆಯ ಗೆಳೆಯ ಅರಿಹಂತ ಪುಣೆಯಲ್ಲಿ ಓದು ಮುಗಿಸಿ, ಮನೆಯ ಬಟ್ಟೆ ಅಂಗಡಿಗೆ ಮರಳಿ ಬಂದ. ಹಾಸ್ಟೆಲಿನಲ್ಲಿ ಕಲಿತ ಒಂದು ಆಟವನ್ನು ಜೊತೆಗೆ ತಂದಿದ್ದ. ಒಬ್ಬ ಕಥೆ ಹೇಳುತ್ತ ಹೋಗಬೇಕು. ಉಳಿದವರು ಆ ಕಥೆಯೊಳಗಿನ ಮಂದಿಯಾಗಿ, ಈಗ ತಾವೇನು ಮಾಡುತ್ತೇವೆಂದು ಹೇಳಬೇಕು. ಮಾಡಿದ್ದು ಫಲಿಸಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಪ್ರತಿ ರವಿವಾರ ಮಧ್ಯಾಹ್ನ ಬಟ್ಟೆ ಅಂಗಡಿಯ ಮಾಳಿಗೆಯ ಮೇಲೆ ಅರಿಹಂತ, ಅವನ ಇಬ್ಬರು ಕಾಕಾನ ಮಕ್ಕಳು ಮತ್ತು ಜಮೀರ ಸೇರತೊಡಗಿದರು. ಅರಿಹಂತನಿಗೆ ನಿಯಮಗಳೆಲ್ಲ ಬಾಯಿಪಾಠ. ಕಥೆ ಮಾತ್ರ ಎರಡೇ ವಾರಕ್ಕೆ ಬತ್ತಿಹೋಯಿತು.

"ನೀ ಹೇಳ ನೋಡೋಣು," ಎಂದು ದಾಳವನ್ನು ಜಮೀರನ ಕಡೆ ತಳ್ಳಿದ.

ಜಮೀರ ಹೇಳಿದ. ಮೊದಲ ದಿನವೇ ಒಂದು ನಾಡು ಎದ್ದು ನಿಂತಿತು. ಅದರ ನದಿಯ ದಂಡೆಗೆ ಬಾಗಿಲುಗಳಷ್ಟೇ ಉಳಿದ ಒಂದು ಪಟ್ಟಣ, ಗೋಡೆಗಳಿಲ್ಲ. ಯಾರು ಕಟ್ಟಿದ್ದು ಎಂದು ಕೇಳಿದರೆ "ಹಳಬರು" ಎಂದು ಸುಮ್ಮನಾದ. ಎಲ್ಲಿಂದ ಬಂದರು, ಎತ್ತ ಹೋದರು ಎಂಬುದು ಅವನಿಗೂ ಗೊತ್ತಿರಲಿಲ್ಲ. ಹೇಳಿದ್ದಕ್ಕಿಂತ ಹೇಳದೆ ಬಿಟ್ಟ ಮಾತಿಗೇ ಗೆಳೆಯರು ಹೆಚ್ಚು ಕಿವಿಗೊಡುತ್ತಾರೆ ಎಂಬುದು ಮಾತ್ರ ಬೇಗ ಗೊತ್ತಾಯಿತು. ಹಳಬರಿಗಾಗಿ ಹತ್ತೊಂಬತ್ತು ಅಕ್ಷರ ಕಟ್ಟಿ ಒಂದು ವಹಿಯಲ್ಲಿ ಬರೆದಿಟ್ಟ.

ಆ ಕಥೆ ಕೊನೆಗೆ ಬರುವ ಹೊತ್ತಿಗೆ, ಆಟದವರು ಹುಡುಕಲೆಂದು, ಯಾರೋ ಬೇಡವೆಂದು ಬಿಟ್ಟುಹೋಗಿದ್ದ ಕರಿಕಲ್ಲಿನ ಮೇಲೆ ಆ ಲಿಪಿಯಲ್ಲಿ ಒಂದು ಸಾಲು ಕೊರೆದ: "ಮೂರನೇ ಬಾಗಿಲು ಎಡಕ್ಕೆ." ಅವನೂ ಅರಿಹಂತನೂ ಅದನ್ನು ಜೀಪಿನಲ್ಲಿ ನಾಗನೂರಿಗೆ ಒಯ್ದು, ಹಳ್ಳದ ದಂಡೆಯ ಹೊಲವೊಂದರ ಬದುವಿನಲ್ಲಿ ಅರ್ಧ ಹೂತರು. ಮರು ರವಿವಾರ ಕಾಕಾನ ಮಕ್ಕಳಿಬ್ಬರೂ ಸುಳಿವು ಹಿಡಿದು ಹುಡುಕಿ ಕಂಡುಹಿಡಿದು ಕುಣಿದಾಡಿದರು. ಹೊಲದೊಡತಿ ಕಾಶೆವ್ವ, ಇವರಿಗೆ ಯಾವುದೋ ಹಳೆಯ ಕಲ್ಲು ಸಿಕ್ಕಿತೆಂದುಕೊಂಡು, ನಗುತ್ತ ನಾಲ್ವರಿಗೂ ಮಜ್ಜಿಗೆ ಕೊಟ್ಟಳು. ಕಲ್ಲು ಭಾರವಿತ್ತೆಂದು ಅಲ್ಲೇ ಬಿಟ್ಟು ಬಂದರು. ಮುಂದಿನ ವರ್ಷ ಅರಿಹಂತ ಮದುವೆಯಾಗಿ ಹುಕ್ಕೇರಿಯ ಅಂಗಡಿ ನೋಡಿಕೊಳ್ಳಲು ಹೋದ. ಆಟ ನಿಂತಿತು.

೨೦೦೩ರಲ್ಲಿ ಒಂದು ದಿನ ನಿವೃತ್ತ ಶಿಕ್ಷಕ ಸತ್ಯಪ್ಪ ಮಾಸ್ತರರು ಅಂಗಡಿಗೆ ಬಂದರು. ಸುರುಳಿ ಸುತ್ತಿದ ಕಾಗದವನ್ನು ಬಿಡಿಸಿ ಮೇಜಿನ ಮೇಲೆ ಹಾಸಿದರು. ಕಲ್ಲಿನ ಮೇಲೆ ಮಸಿ ಒತ್ತಿ ತೆಗೆದ ಅಚ್ಚು. ಅದರ ಮೇಲಿದ್ದದ್ದು ಜಮೀರನದೇ ಅಕ್ಷರ.

"ನಾಗನೂರದಾಗ ಸಿಕ್ಕೈತಿ. ಚಾಲುಕ್ಯರಕಿಂತ ಹಿಂದಿನ ಮಂದಿ," ಎಂದರು ಮಾಸ್ತರರು. "ಒಂದು ಸಣ್ಣ ಪುಸ್ತಕಾನೂ ಅಚ್ಚು ಹಾಕಿಸೇನಿ. ಇದರ ಬಾಜೂಕ ನಿಲ್ಲಸಾಕ ಒಂದು ಫಲಕ ಬೇಕಾಗೇತಿ."

"ಯಾರಿದ್ರಂತ್ರಿ ಸರ, ಅವ್ರು?"

ಮಾಸ್ತರರು ಅರ್ಧ ತಾಸು ಹೇಳಿದರು. ನದಿ ಹಿಡಿದು ಮೇಲಕ್ಕೆ ಬಂದವರು, ರಾಜನಿಲ್ಲದ ಮಂದಿ, ಸತ್ತವರನ್ನು ಬಾಗಿಲ ಕೆಳಗೆ ಹೂಳುತ್ತಿದ್ದವರು. ತಾನು ಕಟ್ಟಿದ್ದಕ್ಕಿಂತ ಅದು ಚೆನ್ನಾಗಿತ್ತು. ಅದು ಆಟದ ಕಲ್ಲು ಎಂದು ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ತನ್ನ ಅಕ್ಷರಗಳನ್ನು ವಿದ್ಯಾವಂತನೊಬ್ಬ ಇಷ್ಟು ಮನಸ್ಸಿಟ್ಟು ನೋಡಿದ್ದಾನಲ್ಲ ಎಂಬ ಹಿಗ್ಗು ಅವನ ನಾಲಿಗೆ ಕಟ್ಟಿತು. ಫಲಕ ಕೊರೆದುಕೊಟ್ಟ. ರೂಢಿಯಂತೆ ಅಡಿಯ ಮೂಲೆಯಲ್ಲಿ ಅಂಗಡಿಯ ಹೆಸರೂ ಹಾಕಿದ.

ಆ ಹೆಸರು ಹಿಡಿದೇ ಎಂಟು ತಿಂಗಳ ಮೇಲೆ ಕಾಶೆವ್ವ ಬಂದಳು. ಅವಳಿಗೆ ಇವನ ಗುರುತು ಹತ್ತಲಿಲ್ಲ, ಇವನಿಗೆ ಹತ್ತಿತು. ಕಲ್ಲಿನ ಸುತ್ತ ಊರವರು ಆರು ಗುಂಟೆಗೆ ತಂತಿ ಬೇಲಿ ಹಾಕಿದ್ದರು. ಪೂಜೆ ಶುರುವಾಗಿತ್ತು. ಎತ್ತು ಹಾಯಬಾರದು, ಚಪ್ಪಲಿ ಮೆಟ್ಟಿ ಬರಬಾರದು. ಬಾವಿಯ ದಾರಿ ಆ ಆರು ಗುಂಟೆಯೊಳಗೇ ಇದ್ದದ್ದರಿಂದ ಉಳಿದ ಹೊಲಕ್ಕೂ ನೀರಿಲ್ಲದಂತಾಗಿತ್ತು.

"ಯಪ್ಪಾ, ನೀ ಅಕ್ಷರ ಕೊರಿಯಾಂವ," ಎಂದಳು. "ಆ ಕಲ್ಲಿನ ಮ್ಯಾಲೆ ಏನ್ ಬರದೈತಿ ಹೇಳ. ಹೊಲ ಆ ಹಳೇ ಮಂದೀದು ಅಂತ ಬರದಿದ್ರ ನಾ ಸುಮ್ನ ಇರ್ತೇನಿ. ಬರದಿಲ್ಲಂದ್ರ ಯಾಕ ಸುಮ್ನಿರಲಿ?"

"ಹಂಗೇನೂ ಬರದಿಲ್ಲ ಯವ್ವಾ," ಎಂದ ಜಮೀರ.

"ನಿನಗ ಓದಾಕ ಬರತೈತೇನು?"

ಅವನು ಉಳಿ ಎತ್ತಿಕೊಂಡು ಅರ್ಧ ಮುಗಿದ ಕಲ್ಲಿನ ಮೇಲೆ ಬಾಗಿದ. ಅವಳು ಸೆರಗು ಸರಿಪಡಿಸಿಕೊಂಡು ಬಸ್ಸಿಗೆ ಹೋದಳು.

ಮನೆಯಲ್ಲಿ ಹೆಂಡತಿ ಗುಲ್ನಾಜಳಿಗೆ ಎಲ್ಲ ಹೇಳಿದ. ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸಿದಳು. "ಆಟಕ್ಕ ಮಾಡಿದ್ದು ಅಂದ್ರ ಯಾರ್ ನಂಬ್ತಾರ್ರಿ? ಪೂಜಿ ಆಗೋ ಕಲ್ಲು. ನಿಮ್ಮ ಹೆಸರು ಕೇಳಿದ್ರ ಮಾತು ಬ್ಯಾರೇನ ಆಗತೈತಿ." ಹುಕ್ಕೇರಿಗೆ ಹೋಗಿ ಅರಿಹಂತನನ್ನು ಕಂಡ. ಅವನು ಗಿರಾಕಿಗಳ ನಡುವೆಯೇ ದನಿ ತಗ್ಗಿಸಿ, "ಬಿಟ್ಟಬಿಡೋ. ಮಳಿಗಾಲ ಬಂದ್ರ ಮಂದಿ ತಾವ ಮರೀತಾರ," ಎಂದ. ಮಳೆಗಾಲ ಬಂದು ಹೋಯಿತು. ಯಾರೂ ಮರೆಯಲಿಲ್ಲ, ಬೇಲಿಯೊಳಗೆ ತಗಡಿನ ಚಪ್ಪರ ಎದ್ದಿತು.

ಆಗ ಜಮೀರ ವಹಿ ತೆಗೆದುಕೊಂಡು ಒಬ್ಬನೇ ಮಾಸ್ತರರ ಮನೆಗೆ ಹೋಗಿ, ಕಲ್ಲು ಕೊರೆದದ್ದು ತಾನೇ ಎಂದ. ಅವರು ಪುಟ ತಿರುವಿ ನೋಡಿದರು.

"ಇದನ್ನ ನನ್ನ ಅಚ್ಚು ನೋಡಿ ಬರದೀಯಪಾ," ಎಂದರು.

ಜಮೀರ ಚೀಲದಿಂದ ಉಳಿ, ಸುತ್ತಿಗೆ, ಒಂದು ಕಲ್ಲಿನ ಚೂರು ಹೊರತೆಗೆದ. ಅಂಗಳದಲ್ಲಿ ಕುಳಿತು, ವಹಿಯತ್ತ ನೋಡದೆ, ಅದೇ ಸಾಲನ್ನು ಕೊರೆದ. ನಾಲ್ಕನೇ ಅಕ್ಷರದ ಬಾಲದಲ್ಲಿ ಅಂದೂ ಅವನ ಉಳಿ ಒಂದು ಕೂದಲೆಳೆಯಷ್ಟು ಜಾರಿತ್ತು; ಈಗಲೂ ಜಾರಿತು. ಮಾಸ್ತರರು ಒಳಗಿಂದ ಅಚ್ಚನ್ನು ತಂದು ಪಕ್ಕದಲ್ಲಿಟ್ಟು, ಭೂತಗನ್ನಡಿ ಹಿಡಿದರು. ಬಹಳ ಹೊತ್ತಿನ ಮೇಲೆ ಕನ್ನಡಿ ಕೆಳಗಿಟ್ಟರು.

"ಏನಂತ ಬರದೀ?"

"ಮೂರನೇ ಬಾಗಿಲು ಎಡಕ್ಕೆ ಅಂತ್ರಿ."

ಅವರು ಬೈಯುತ್ತಾರೆಂದು ಜಮೀರ ಕಾದ. ಬೈದಿದ್ದರೆ ಹಗುರಾಗುತ್ತಿತ್ತು. "ಎರಡು ವರ್ಷ ನನಗ ಇದರದ್ದ ಧ್ಯಾನ ಇತ್ತು," ಎಂದಷ್ಟೇ ಹೇಳಿ ಅವರು ಗೋಡೆಗೆ ಒರಗಿದರು.

ಮರುವಾರ ಮಾಸ್ತರರು ನಾಗನೂರಿಗೆ ಹೋಗಿ ಹಿರಿಯರ ಮುಂದೆ, ಕಲ್ಲು ಹಳೆಯದಲ್ಲ, ತಮ್ಮಿಂದ ತಪ್ಪಾಯಿತು ಎಂದರು. ಕೊರೆದವನ ಹೆಸರು ಹೇಳಲಿಲ್ಲ. ಊರವರು ನಂಬಲಿಲ್ಲ. ಯಾರೋ ಮಾಸ್ತರರನ್ನು ಹೆದರಿಸಿದ್ದಾರೆ ಎಂದು ಕೆಲವರು, ವಯಸ್ಸಾಯಿತು ಎಂದು ಕೆಲವರು. ಬೇಲಿ ಕದಲಲಿಲ್ಲ.

ತಿರುಗಿ ಅಂಗಡಿಗೆ ಬಂದು ಅವರು ಸ್ಟೂಲಿನ ಮೇಲೆ ಕುಳಿತರು. "ಖರೆ ಹೇಳಿದ್ರ ಕೇಳವಲ್ರು."

ಜಮೀರ ಉಳಿ ಕೆಳಗಿಟ್ಟ. ಆಮೇಲೆ, ತನಗೇ ಬೇಡವೆನಿಸುತ್ತಿದ್ದರೂ, ಮಾಳಿಗೆಯ ಮೇಲೆ ಹೇಳುತ್ತಿದ್ದ ದನಿಯಲ್ಲೇ ಹೇಳತೊಡಗಿದ. ಹಳಬರು ಹೊಲದಲ್ಲಿ ಕಲ್ಲು ನಿಲ್ಲಿಸುತ್ತಿರಲಿಲ್ಲ. ನೇಗಿಲು ನಡೆಯುವ ನೆಲವನ್ನು ಮುಚ್ಚುವುದು ಅವರಲ್ಲಿ ದೊಡ್ಡ ದೋಷ. ಕಲ್ಲು ಇದ್ದದ್ದು ಊರ ನಡುವೆ. ಹಳ್ಳದ ಮಹಾಪೂರವೊಂದು ಅದನ್ನು ಹೊಲಕ್ಕೆ ಹೊತ್ತು ತಂದಿತು. ಮರಳಿ ಊರೊಳಗೆ ಒಯ್ದು ಇಟ್ಟರೆ ಅವರಿಗೆ ಸಮಾಧಾನ.

ಮಾಸ್ತರರು ಅವನನ್ನೇ ನೋಡುತ್ತಿದ್ದರು. "ನನ್ನ ಬಾಯಿಂದ ಇದನ್ನ ಹೇಳಸ್ತೀ ಏನು?"

"ಕಾಶೆವ್ವನ ಹೊಲ ಬಿಡಸಬೇಕಲ್ರಿ ಸರ."

ಮೂವತ್ತೈದು ವರ್ಷ ಇತಿಹಾಸ ಕಲಿಸಿದವರು ಹೋಗಿ ಅದನ್ನು ಹೇಳಿದರು. ಊರು ಒಂದೇ ಮಾತಿಗೆ ಒಪ್ಪಿತು. ಡೊಳ್ಳು ಬಾರಿಸುತ್ತ ಕಲ್ಲನ್ನು ಚಾವಡಿಯ ಮುಂದಿನ ಕಟ್ಟೆಗೆ ತಂದರು. ತಂತಿ ಬಿಚ್ಚಿದರು. ಆ ಹಿಂಗಾರಿಗೆ ಕಾಶೆವ್ವ ಆರೂ ಗುಂಟೆಯಲ್ಲಿ ಜೋಳ ಬಿತ್ತಿದಳು. ಸತ್ಯಪ್ಪ ಮಾಸ್ತರರು ಮಾತ್ರ ಆಮೇಲೆ ಏನನ್ನೂ ಬರೆಯಲಿಲ್ಲ. ಜಮೀರ ಎದುರಾದರೆ ಮಾತಾಡಿಸುತ್ತಿದ್ದರು. ಕಲ್ಲಿನ ಸುದ್ದಿ ಎತ್ತುತ್ತಿರಲಿಲ್ಲ. ಕಟ್ಟೆಯ ಮೇಲೆ ಜನ ಮಕ್ಕಳನ್ನು ಮಲಗಿಸಿ ಹರಕೆ ಹೊರುತ್ತಾರೆ, ಜ್ವರ ಬಂದರೂ ದವಾಖಾನೆಗಿಂತ ಮೊದಲು ಅಲ್ಲಿಗೇ ತರುತ್ತಾರೆ ಎಂದು ಕೇಳಿದಾಗಲೆಲ್ಲ ಜಮೀರನಿಗೆ ಅನ್ನ ಇಳಿಯುತ್ತಿರಲಿಲ್ಲ.

೨೦೦೮ರಲ್ಲಿ ಮಾಸ್ತರರು ತೀರಿಕೊಂಡರು. ಸಮಾಧಿಯ ಕಲ್ಲಿಗೆಂದು ಅವರ ಮಗ ಚೀಟಿ ಬರೆದು ತಂದ. ಹೆಸರು, ಹುಟ್ಟಿದ ವರ್ಷ, ತೀರಿದ ವರ್ಷ. ಅದರ ಕೆಳಗೆ ಇನ್ನೊಂದು ಸಾಲು ಬರೆದು ಹೊಡೆದುಹಾಕಿತ್ತು: "ನಾಗನೂರ ಶಾಸನ ಶೋಧಕರು."

"ಅದನ್ನ ಹಾಕಬೇಕಂತ ನನ್ನ ಆಸೆ ಇತ್ರಿ," ಎಂದ ಮಗ. "ಅಪ್ಪ ಸಾಯೋ ಮುಂದ ಕೈ ಹಿಡಿದು ಬ್ಯಾಡ ಅಂದ. ಯಾಕಂತ ಕೇಳಿದ್ರ ಹೇಳಲಿಲ್ಲ. ನಿಮಗೇನರ ಗೊತ್ತೈತೇನ್ರಿ?"

ಜಮೀರ ಚೀಟಿಯನ್ನು ಮಡಚಿದ, ಮತ್ತೆ ಬಿಚ್ಚಿದ. "ಕುಂದರ್ರಿ," ಎಂದು ಸ್ಟೂಲು ಎಳೆದುಕೊಟ್ಟ. ನಂತರ ಎದ್ದು ಹೋಗಿ ಅಂಗಡಿಯ ಬಾಗಿಲು ಮುಂದೆ ಮಾಡಿ ಬಂದು, ಕಲ್ಲು ಕೊರೆದವನು ಯಾರೆಂಬಲ್ಲಿಂದಲೇ ಹೇಳಲು ಶುರುಮಾಡಿದ.