ತೆರೆಯಾದ ಶಾಲು

ಕಳೆದ ವಾರ ಮಕ್ಕಳ ಯಕ್ಷಗಾನದ ಪೆಟ್ಟಿಗೆ ತೆರೆದಾಗ ಗೆಜ್ಜೆಗಳ ಅಡಿಯಿಂದ ಆ ಶಾಲು ಬಂತು. ಅಂಚಿನುದ್ದಕ್ಕೂ ಮುಖಕ್ಕೆ ಹಚ್ಚುವ ಹಳದಿ ಬಣ್ಣದ ಕಲೆ, ಹಳೆಯ ತೆಂಗಿನೆಣ್ಣೆಯ ವಾಸನೆ... ಮಡಚಿ ಒಳಗಿಡಲು ಹೋದೆ, ಆಗಲಿಲ್ಲ. ಐಸಿನ ಧಣಿ ನೆನಪಾದರು.

ಗಂಗೊಳ್ಳಿ ಬಂದರಿನ ಹತ್ತಿರ ಅವರದೊಂದು ಐಸ್ ಪ್ಲಾಂಟ್. ನಾನು ಅಲ್ಲೇ ಪಕ್ಕದ ಶಾಲೆಯಲ್ಲಿ ಟೀಚರ್. ಹೆಣ್ಣುಮಕ್ಕಳಿಗೆ ಯಕ್ಷಗಾನ ಕಲಿಸುವ ಹುಚ್ಚು ಹತ್ತಿಸಿಕೊಂಡು, ಗುರುಗಳನ್ನು ಗೊತ್ತುಮಾಡಿ, ಮುಂದೆ ದಾರಿ ಕಾಣದೆ ಕುಳಿತಿದ್ದಾಗ ಕೈ ಹಿಡಿದವರು ಅವರು. ವೇಷಭೂಷಣ, ಚೆಂಡೆ, ಗುರುಗಳ ಓಡಾಟ ಎಲ್ಲ ಅವರದೇ ಖರ್ಚು. ವಂಡ್ಸೆಯ ವಾಚನಾಲಯದ ಹಿಂದೆಯೂ ಅವರೇ ಇದ್ದರೆಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ಅವರದು ಒಂದೇ ಷರತ್ತು. ಹೆಸರು ಮೈಕಿನಲ್ಲಿ ಬರಬಾರದು. ಕುರ್ಚಿ ಜೋಡಿಸಿದವರ ಹೆಸರನ್ನೂ ಬಿಡದೆ ಓದುವ ಊರು ನಮ್ಮದು! ಪ್ರತಿ ಕಾರ್ಯಕ್ರಮದಲ್ಲೂ ಯಾರು ಬಾಯಿ ಜಾರುತ್ತಾರೋ ಎಂದು ನಾನು ಮೈಕಿನ ಪಕ್ಕದಲ್ಲೇ ನಿಂತಿರುತ್ತಿದ್ದೆ. ಅವರು ಬೇಸರಪಟ್ಟು ಕೈಬಿಟ್ಟರೆ ತರಗತಿ ಮುಚ್ಚಿದ ಹಾಗೆಯೇ.

ಶನಿವಾರ ಮಧ್ಯಾಹ್ನ ಐಸಿನ ಲಾರಿ ಕಳಿಸಿ ಬಂದು ಕಿಟಕಿಯ ಹೊರಗೆ ನಿಲ್ಲುತ್ತಿದ್ದರು. ಒಳಗೆ ಬನ್ನಿ ಎಂದರೆ ಬರುತ್ತಿರಲಿಲ್ಲ. ಮಕ್ಕಳ ಹೆಜ್ಜೆಗೆ ಅವರ ಬೆರಳು ಕಿಟಕಿಯ ಸರಳಿನ ಮೇಲೆ ತಾಳ ಹಾಕುತ್ತಿತ್ತು. ಯಾರಾದರೂ ತಾಳ ತಪ್ಪಿದರೆ ಅವರ ಮುಖ ಹುಳ್ಳಗಾಗುವುದನ್ನು ನೋಡಿ ನನಗೆ ನಗು.

ಇಷ್ಟೆಲ್ಲ ಗೊತ್ತಿದ್ದೂ ತಪ್ಪು ಮಾಡಿದವಳು ನಾನೇ. ತರಗತಿಗೆ ಐದು ವರ್ಷ ತುಂಬಿದ ಭಾನುವಾರ. ಇಷ್ಟು ಮಾಡಿದವರಿಗೆ ಒಂದು ಶಾಲು ಹೊದಿಸದಿದ್ದರೆ ಹೇಗೆ ಎಂಬ ಸಂಕಟ. ಯಾರಿಗೂ ಹೇಳದೆ ಶಾಲು ತಂದಿಟ್ಟಿದ್ದೆ. ಸಭೆಯ ನಡುವೆ ಮೈಕು ಹಿಡಿದು ಹೆಸರು ಹೇಳಿಯೇಬಿಟ್ಟೆ. ಹಿಂದೆ ನಿಂತಿದ್ದ ಅವರನ್ನು ಜನ ಎಳೆದುಕೊಂಡೇ ವೇದಿಕೆಗೆ ತಂದರು. ಶಾಲು ಹೊದಿಸುವಾಗ ಅವರು ನನ್ನ ಮುಖ ನೋಡಲಿಲ್ಲ. ಮಕ್ಕಳು ಗೆಜ್ಜೆ ಕಟ್ಟಿ ಬರುವಷ್ಟರಲ್ಲಿ ಅವರು ಹೊರಟುಹೋಗಿದ್ದರು.

ಆ ವಾರ ನನಗೆ ಅನ್ನ ಸೇರಲಿಲ್ಲ. ಶನಿವಾರ ಬಂತು, ಕಿಟಕಿ ಖಾಲಿ. ಮಕ್ಕಳು ಕುಣಿಯುತ್ತಿದ್ದರೆ ನಾನು ಹೊರಗೇ ನೋಡುತ್ತಿದ್ದೆ... ಕೊನೆಗೆ ತಡೆಯಲಾರದೆ ಪ್ಲಾಂಟಿಗೆ ಹೋದೆ. ಅಮೋನಿಯಾದ ಘಾಟಿಗೆ ಕಣ್ಣು ಉರಿಯಿತು. ಅವರ ಕೋಣೆಯ ಹೊರಗಿನ ಬೆಂಚಿನಲ್ಲಿ ಐದಾರು ಜನ ದೇಣಿಗೆ ಕೇಳಲು ಆಮಂತ್ರಣ ಪತ್ರಿಕೆ ಹಿಡಿದು ಕುಳಿತಿದ್ದರು. ಎಲ್ಲರೂ ಭಾನುವಾರದ ಸಭೆಯಲ್ಲಿದ್ದವರೇ.

"ಕಂಡ್ರ್ಯಾ ಟೀಚರ್ರೆ?" ಎಂದರು ಧಣಿ, ನಾನು ಒಳಗೆ ಹೋದೊಡನೆ, ಮೆಲ್ಲಗೆ. "ಇಲ್ಲ ಅಂಬುಕೆ ನಂಗ್ ಬತ್ತಿಲ್ಲೆ. ಅದ್ಕೇ ಹೆಸ್ರ್ ಬ್ಯಾಡ ಅಂದದ್ದ್."

"ತಪ್ಪಾಯ್ತ್... ತರಗತಿ?"

"ಅದ್ ನಿಲ್ಲುಕಾಗ. ಆರೆ ನಾ ಇನ್ ಬಪ್ಪುದಿಲ್ಲೆ. ನಾ ಬಂದ್ರೆ ಇವ್ರೂ ಅಲ್ಲಿಗೇ ಬತ್ರ್. ಮಕ್ಕಳ್ ಕಲೂದ್ ಹ್ಯಾಂಗೆ?" ಮೇಜಿನಿಂದ ಶಾಲು ತೆಗೆದು ಕೊಟ್ಟರು. "ಇದ್ ನಂಗೆಂತಕ್ಕೆ? ಮಕ್ಕಳ್ ವೇಷಕ್ಕೆ ತೆರೆ ಹಿಡೀರಿ."

ವೇಷ ರಂಗಕ್ಕೆ ಬರುವ ಮುಂಚೆ ಇಬ್ಬರು ಹಿಡಿಯುವ ತೆರೆ ನಮ್ಮಲ್ಲಿ ಅದೇ ಆಯಿತು. ಅದರ ಮೇಲಿಂದ ಇಣುಕಿದ ಮುಖಗಳ ಬಣ್ಣವೇ ಅಂಚಿನ ಕಲೆ. ಧಣಿ ಕೊನೆಯವರೆಗೂ ತರಗತಿಗೆ ಏನೂ ಕಡಿಮೆ ಮಾಡಲಿಲ್ಲ. ಒಮ್ಮೆಯೂ ಬರಲೂ ಇಲ್ಲ. ಈಗಿನ ಹುಡುಗಿಯರ ಒಂದು ಹೆಜ್ಜೆಯನ್ನೂ ಅವರು ನೋಡಲಿಲ್ಲ. ನಾನು ಸನ್ಮಾನ ಎಂದುಕೊಂಡು ಅವರಿಂದ ಕಸಿದದ್ದು ಅದನ್ನೇ.

ಹೋದ ಮಳೆಗಾಲದಲ್ಲಿ ಅವರು ತೀರಿಕೊಂಡರು. ಶ್ರದ್ಧಾಂಜಲಿ ಸಭೆಯಲ್ಲಿ ಅವರ ಹೆಸರು ಮೈಕಿನಲ್ಲಿ ಎಷ್ಟು ಸಲ ಬಂತೋ. ನನ್ನನ್ನೂ ಕರೆದರು. ಕುಳಿತಲ್ಲಿಂದಲೇ ಕೈ ಮುಗಿದೆ.

ಮೊನ್ನೆ ಶನಿವಾರ ಹೊಸದಾಗಿ ಸೇರಿದ ಹುಡುಗಿಯೊಬ್ಬಳು, "ಈ ಶಾಲ್ ಯಾರದ್ ಟೀಚರ್?" ಎಂದಳು. ಹೆಸರು ನಾಲಿಗೆಯ ತುದಿಗೆ ಬಂದಿತ್ತು. ಕಿಟಕಿಯ ಕಡೆ ನೋಡಿದೆ. ಯಾರೂ ಇರಲಿಲ್ಲ. ಇನ್ನು ಹೇಳಿದರೆ ಬೇಸರಪಡುವವರೂ ಇಲ್ಲ... ಆದರೂ ಹೇಳಲಾಗಲಿಲ್ಲ.

"ಮಾತ್ ಸಾಕ್, ತೆರೆ ಹಿಡಿ" ಎಂದೆ. ಅವಳು ಶಾಲಿನ ತುದಿ ಹಿಡಿದಳು.